ಸಿಂಕಿನ ಕೆಳಗಿನ ಪೊಟ್ಟಣ

ಎಲ್ಲರಿಗೂ ನಮಸ್ಕಾರ.

ಮೊರ್ವೆನ್ನಾ ಅವರನ್ನು ಬೀಳ್ಕೊಡಲು ಸಾಗರ ದಾಟಿ ಬಂದಿರುವ ಅವರ ತಂಗಿ ಟ್ಯಾಮ್ಸಿನ್ ಅವರೇ, ದೋಣಿ ರಿಪೇರಿಯ ಈ ಯಾರ್ಡಿನ ಗೆಳೆಯರೇ, ಕೆಲಸ ಅರ್ಧಕ್ಕೆ ಬಿಟ್ಟು ಏಣಿ ಇಳಿದು ಬಂದಿರುವ ದೋಣಿಯವರೇ — ಮತ್ತು ಕೊನೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂತಿರುವ ಲಾಯ್ಡ್ ಬಲ್ಗೋಬಿನ್ ಅವರೇ, ಸಬಿತಾ ಅವರೇ. ನೀವಿಬ್ಬರು ಬರುತ್ತೀರೆಂದು ನಾನು ಅಂದುಕೊಂಡಿರಲಿಲ್ಲ. ದಯವಿಟ್ಟು ಕೊನೆಯವರೆಗೂ ಇರಿ.

ನಾನು ಅನೀಸಾ, ಹಾಯಿ ಹೊಲಿಯುವವಳು. ಶನಿವಾರಗಳಂದು, ಟಾಂಟಿಗೆ ಹುಷಾರಿಲ್ಲದ ದಿನಗಳಂದು, ದೋಣಿಗಳು ಒಂದಕ್ಕೊಂದು ಮಾತಾಡುವ ಬೆಳಗಿನ ರೇಡಿಯೊದಲ್ಲಿ ಅವರ ಬದಲಿಗೆ ಮಾತಾಡಿದವಳು. ನಿಮಗೆ ಅವರು ಮೊರ್ವೆನ್ನಾ. ನನಗೆ ಟಾಂಟಿ. ಸ್ವಂತ ಚಿಕ್ಕಮ್ಮನಿಗಿಂತ ಹೆಚ್ಚು.

ಬೆಳಿಗ್ಗೆ ಎಂಟಕ್ಕೆ ಚಗ್ವಾರಾಮಸ್ ಕೊಲ್ಲಿಯ ಪ್ರತಿ ದೋಣಿಯಲ್ಲೂ ಅವರ ಧ್ವನಿ ಏಳುತ್ತಿತ್ತು. ಮೊದಲ ಮಾತು ಯಾವಾಗಲೂ ಒಂದೇ — "ಯಾರಿಗಾದರೂ ಕಷ್ಟ ಇದ್ದರೆ, ತುರ್ತು ಇದ್ದರೆ, ಈಗ ಹೇಳಿ." ಆಮೇಲೆ ಸುಮ್ಮನಿರುತ್ತಿದ್ದರು. ಗುಂಡಿಯಿಂದ ಬೆರಳು ತೆಗೆದು, ಹೀಗೆ, ಕಿವಿ ವಾಲಿಸಿ. ಅರ್ಧ ನಿಮಿಷ. ಕೆಲವು ದಿನ ಒಂದು ನಿಮಿಷ. ಆ ಮೌನದ ನಂತರವೇ ಹವಾಮಾನ, ಮಾರುಕಟ್ಟೆಗೆ ಹೋಗುವ ವ್ಯಾನು, ಇತರೆ ಸುದ್ದಿ.

ಕೊನೆಗೆ ಬರುತ್ತಿತ್ತು ಆ ಪ್ರಶ್ನೆ. ಭಾಷೆ ಬೇರೆ, ದೋಣಿ ಬೇರೆ, ಪ್ರಶ್ನೆ ಮಾತ್ರ ಒಂದೇ. "ನನ್ನ ಎಂಜಿನ್ ಕೆಟ್ಟಿದೆ. ಇಲ್ಲಿ ನಂಬುವಂಥವರು ಯಾರಿದ್ದಾರೆ?"

ಈ ಪ್ರಶ್ನೆ ಕೇಳುವವರ ಮುಖ ನೀವು ನೋಡಿದ್ದೀರಿ. ನೀವೇ ಆ ಮುಖ ಹೊತ್ತು ಬಂದವರು. ಮನೆಯೇ ಆಗಿರುವ ದೋಣಿಯನ್ನು ನೀರಿನಿಂದ ಎತ್ತಿ ಕಂಬಗಳ ಮೇಲೆ ನಿಲ್ಲಿಸಿರುತ್ತಾರೆ. ಸಮುದ್ರ ನಲವತ್ತು ಹೆಜ್ಜೆ ದೂರದಲ್ಲಿ ಕಾಣುತ್ತಿರುತ್ತದೆ, ಹೋಗುವ ಹಾಗಿಲ್ಲ. ಕೈ ತೊಳೆಯಲೂ ಏಣಿ ಇಳಿಯಬೇಕು. ಎರಡು ವಾರಕ್ಕೆಂದು ಬಂದವರ ಎರಡು ವರ್ಷ ಈ ಕಂಬಗಳ ನಡುವೆ ಕಳೆದಿರುತ್ತದೆ. ಯಾರನ್ನು ನಂಬುವುದು? ಊರಲ್ಲಾದರೆ ಅಣ್ಣನನ್ನು ಕೇಳಬಹುದು, ನೆರೆಯವರನ್ನು ಕೇಳಬಹುದು. ಇಲ್ಲಿ ಟಾಂಟಿಯನ್ನು ಕೇಳುತ್ತಿದ್ದರು.

ಅವರ ಪರೀಕ್ಷೆ ಸರಳವಾಗಿತ್ತು. ಗೇರ್‌ಬಾಕ್ಸ್ ಮುರಿದು ಬಂದಿದ್ದ ಫಾಬ್ರೀಸ್ — ಅಲ್ಲಿ ನಗುತ್ತಿದ್ದಾರೆ — ಅವರ ದೋಣಿಗೆ ಟಾಂಟಿ ಇಬ್ಬರು ಮೆಕ್ಯಾನಿಕ್‌ಗಳನ್ನು ಕರೆಸಿದರು. ಮೊದಲನೆಯವನು ಇಣುಕಿಯೂ ನೋಡಲಿಲ್ಲ. "ಏನೂ ತೊಂದ್ರೆ ಇಲ್ಲ ಸ್ಕಿಪ್ಪರ್, ನಾಳೆ ಬೆಳಿಗ್ಗೆ ರೆಡಿ!"

"ನಾಳೆ ಬೆಳಿಗ್ಗೆ ಅಂದ್ಯಲ್ಲಪ್ಪಾ, ಯಾವ ವರ್ಷದ್ದು?" ಅಂದರು ಟಾಂಟಿ.

ಎರಡನೆಯವನು ಟಾರ್ಚು ಹಿಡಿದು ಒಳಗೆ ಮಲಗಿ, ಬಹಳ ಹೊತ್ತಿನ ಮೇಲೆ ತಲೆ ಕೆರೆದುಕೊಂಡು ಎದ್ದ. "ಇದು ನಂಗೆ ಗೊತ್ತಿಲ್ಲ ಟಾಂಟಿ. ಬಿಚ್ಚಿ ನೋಡ್ಬೇಕು."

ಆ 'ಗೊತ್ತಿಲ್ಲ' ಕೇಳಿದ ಮೇಲೆಯೇ ಅವನ ಹೆಸರು ಅವರ ನೋಟುಬುಕ್ಕು ಸೇರಿತು.

ನಮ್ಮ ರೇಡಿಯೊಗೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಒಳ್ಳೆಯವರ ಹೆಸರು ಹೇಳಬಹುದು, ಕೆಟ್ಟವರ ಹೆಸರು ಹೇಳಬಾರದು. ಏಕೆಂದರೆ ದೋಣಿಯವರಷ್ಟೇ ಅಲ್ಲ, ಪ್ರತಿ ಮೆಕ್ಯಾನಿಕ್‌ನ ಕೆಲಸದ ಮೇಜಿನ ಮೇಲೂ, ಅವರ ಹೆಂಡತಿಯರ ಅಡುಗೆಮನೆಯಲ್ಲೂ ಅದೇ ರೇಡಿಯೊ ಹಾಡುತ್ತಿರುತ್ತದೆ. ಯಾರೂ ಸರಿಯಿಲ್ಲದಿದ್ದರೆ ಟಾಂಟಿ ಹೇಳುತ್ತಿದ್ದುದು ಇಷ್ಟೇ — "ಆ ಕೆಲಸಕ್ಕೆ ಇವತ್ತು ನನ್ನ ಹತ್ತಿರ ಹೆಸರಿಲ್ಲ."

ಹನ್ನೊಂದು ವರ್ಷ ಅವರು ಆ ನಿಯಮ ಪಾಲಿಸಿದರು. ಒಂದೇ ಒಂದು ಬೆಳಿಗ್ಗೆ ಮುರಿದರು.

ಆರು ವರ್ಷದ ಹಿಂದಿನ ಮಾತು. ಟಾಂಟಿಯೂ ಅವರ ಗಂಡ ಅಲೆಕ್ ಅವರೂ ಕೊನೆಗೂ ಇಲ್ಲಿಂದ ಹೊರಟಿದ್ದರು. ಅವರ ದೋಣಿ 'ಪೆಟ್ರೆಲ್'ನ ದೋಣಿಯನ್ನು ಮುಂದೆ ತಳ್ಳುವ ಪಂಖದ ದಂಡ ತಳದಿಂದ ಹೊರಬರುವ ಜಾಗದಲ್ಲಿ, ಸಮುದ್ರ ಒಳನುಗ್ಗದಂತೆ ತಡೆಯುವ ಸೀಲನ್ನು ಮೆಕ್ಯಾನಿಕ್ ಲಾಯ್ಡ್ ಬದಲಾಯಿಸಿದ್ದರು. ದೋಣಿ ನೀರಿಗಿಳಿಯಿತು, ನಾವೆಲ್ಲ ಕೈಬೀಸಿದೆವು. ಗ್ರೆನೆಡಾ ದ್ವೀಪದ ಕಡೆಗೆ ಮೂರು ಗಂಟೆ ಹೋಗಿದ್ದಾರೆ, ಒಳಗೆ ಮೊಣಕಾಲುದ್ದ ನೀರು. ಮೀನುಗಾರರು ಎಳೆದು ತರದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಅಲೆಕ್ ಆ ವಾರವೇ ಊರಿಗೆ ವಿಮಾನ ಹತ್ತಿದರು. ಮತ್ತೆ ಬರಲಿಲ್ಲ.

ದೋಣಿ ಎಳೆದು ತಂದ ಮರುದಿನವೇ ಎಂಟು ಗಂಟೆಗೆ ರೇಡಿಯೊದಲ್ಲಿ ಟಾಂಟಿ ಹೇಳಿದರು — "ಲಾಯ್ಡ್ ಬಲ್ಗೋಬಿನ್ ನನ್ನ ಸೀಲು ಬದಲಾಯಿಸಲೇ ಇಲ್ಲ. ಹಳೆಯದಕ್ಕೇ ಗ್ರೀಸ್ ಬಳಿದು ಬಿಟ್ಟ."

ಲಾಯ್ಡ್ ಅವರ ಒಂದು ಪದ್ಧತಿ ಇಲ್ಲಿನ ಹಳಬರಿಗೆ ನೆನಪಿರಬಹುದು. ಬಿಚ್ಚಿ ತೆಗೆದ ಹಳೆಯ ಭಾಗವನ್ನು ಅವರು ಎಸೆಯುವುದಿಲ್ಲ. ಅವತ್ತಿನ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ದೋಣಿಯವರಿಗೇ ಕೊಡುತ್ತಾರೆ. ಕೆಲಸ ಆಯಿತೆನ್ನುವುದಕ್ಕೆ ಅದೇ ಸಾಕ್ಷಿ. ಆ ಬೆಳಿಗ್ಗೆ ಅವರು ಓಡಿ ಬಂದು, ಮತ್ತೆ ಕಂಬಗಳ ಮೇಲೇರಿದ್ದ ಪೆಟ್ರೆಲ್‌ನ ಏಣಿಯ ಕೆಳಗೆ ನಿಂತರು. ನಾನು ಅಲ್ಲೇ ಇದ್ದೆ.

"ಮೇಡಂ, ಹಳೇದು ನಿಮ್ ಸಿಂಕಿನ ಕೆಳಗಡೆ ಕಪಾಟಲ್ಲಿಟ್ಟಿದೀನಿ. ನೀವು ಮನೇಲಿರ್ಲಿಲ್ಲ, ಅದಕ್ಕೇ. ಒಂದ್ಸಲ ಮೇಲೆ ಬರ್ಲಾ? ನಾನೇ ತೋರಿಸ್ತೀನಿ."

"ನನ್ನ ದೋಣಿಗೆ ಇನ್ನೊಂದು ಸಲ ಕಾಲಿಡಬೇಡ."

ಯಾರೋ ಹಿಂದಿನಿಂದ ಕೂಗಿದರು, "ಲಾಯ್ಡೂ, ಪೊಟ್ಟಣ ಈಜ್ಕೊಂಡು ಹೋಯ್ತೇನೋ!" ಎಲ್ಲರೂ ನಕ್ಕರು. ನಾನೂ ನಕ್ಕೆ — ಇದನ್ನು ಹೇಳದೆ ಮುಂದೆ ಹೋಗಲಾರೆ. ನಾನೂ ನಕ್ಕೆ.

ಅಂದಿನಿಂದ ಯಾರೂ ಲಾಯ್ಡ್ ಅವರನ್ನು ಕರೆಯಲಿಲ್ಲ. ಈ ಕೊಲ್ಲಿಯ ಅತ್ಯುತ್ತಮ ಕೈಗಳು ಆರು ವರ್ಷದಿಂದ ಹುಲ್ಲು ಕತ್ತರಿಸುವ ಯಂತ್ರ ರಿಪೇರಿ ಮಾಡುತ್ತಿವೆ. ಅವರ ಹೆಂಡತಿ ಸಬಿತಾ ನನ್ನ ಅಂಗಡಿಯ ಮುಂದೆ ರಸ್ತೆ ದಾಟಿ ಆ ಬದಿಗೆ ನಡೆಯುತ್ತಾರೆ.

ಇನ್ನು ಪೆಟ್ರೆಲ್. ಆರು ವರ್ಷ ಅದೇ ಕಂಬಗಳ ಮೇಲೆ. ಟಾಂಟಿ ಅದರಲ್ಲೇ ವಾಸ, ಬೆಳಿಗ್ಗೆ ಏಣಿ ಇಳಿಯುವುದು, ಸಂಜೆ ಹತ್ತುವುದು. ಒಬ್ಬ ಮೆಕ್ಯಾನಿಕ್‌ನನ್ನೂ ಹತ್ತಿಸಲಿಲ್ಲ. ನಾವು ರೇಗಿಸುತ್ತಿದ್ದೆವು — "ಊರಿಗೆಲ್ಲ ಮೆಕ್ಯಾನಿಕ್ ಹುಡುಕ್ತೀರಿ ಟಾಂಟಿ, ನಿಮ್ಮ ದೋಣಿಗೆ ಮಾತ್ರ ದೇವರೇ ಇಳಿದು ಬರ್ಬೇಕಾ?" ಅವರು ನಗುತ್ತಿದ್ದರು. ಒಮ್ಮೆ ಪೆಟ್ಟು ತಿಂದವರಿಗೆ ನಂಬಿಕೆ ಹೋಗಿದೆ ಎಂದು ನಾವು ತಿಳಿದೆವು.

ಮೊದಲ ಎರಡು ವರ್ಷ ಹಾಗೇ ಇದ್ದೀತು, ಆಮೇಲೆ ಹಾಗಲ್ಲ. ಹೋದ ತಿಂಗಳು, ಹಾಸಿಗೆ ಹಿಡಿದಿದ್ದಾಗ, ಟಾಂಟಿ ತಲೆದಿಂಬಿನ ಪಕ್ಕದಿಂದ ಇದನ್ನು ತೆಗೆದು ನನ್ನ ಕೈಗಿಟ್ಟರು.

ಇದು. ಈ ಮೇಜಿನ ಮೇಲಿರುವುದು. ಬಿಚ್ಚಿ ತೋರಿಸುತ್ತೇನೆ — ಪ್ಲಾಸ್ಟಿಕ್ ಚೀಲ. ಪತ್ರಿಕೆ. ತಾರೀಖು ಇನ್ನೂ ಓದಲು ಬರುತ್ತದೆ, ಅವರು ಹೊರಟ ಹಿಂದಿನ ದಿನದ್ದು. ಒಳಗೆ ಸವೆದ ಸೀಲು.

ನಾಲ್ಕು ವರ್ಷದ ಹಿಂದೆ ಸಿಂಕಿನ ಕೆಳಗೆ ಡಬ್ಬಗಳನ್ನು ಸರಿಸುವಾಗ ಸಿಕ್ಕಿತಂತೆ. ಕೈ ಒಳಗೆ ಹಾಕಿದರು, ಪೊಟ್ಟಣ ತಾಗಿತು. ಪೊಟ್ಟಣ ಎಳೆದರು, ಪಕ್ಕದ ರಬ್ಬರ್ ಪೈಪು ಕಳಚಿ ಕೈಗೆ ಬಂತು. ಸಿಂಕಿಗೆ ಸಮುದ್ರದ ನೀರು ತರುವ ಪೈಪು. ಅದನ್ನು ಬಿಗಿಹಿಡಿಯುವ ಕ್ಲಾಂಪು ಸಡಿಲ. ಆ ಪೈಪನ್ನು ಹೊರಡುವ ವಾರ ಟಾಂಟಿ ಬೇರೆಯವರನ್ನು ನಂಬದೆ ತಾವೇ ಹಾಕಿದ್ದರು. ನೀರು ಬಂದದ್ದು ಅಲ್ಲಿಂದ.

"ಹಾಗಾದ್ರೆ ಯಾಕೆ ಹೇಳ್ಲಿಲ್ಲ ಟಾಂಟಿ?" ಅಂದೆ.

"ಒಂದು ಹೆಸರು ತಪ್ಪು ಅಂದ್ರೆ, ನಾನು ಹೇಳಿದ ಎಲ್ಲಾ ಹೆಸರೂ ತಪ್ಪಿರಬಹುದು ಅಂತಾರೆ, ಅನೀಸಾ. ಆಮೇಲೆ ಈ ಜನ ಯಾರನ್ನ ಕೇಳ್ತಾರೆ? ಮೊದಲು ಹಾಗಂದ್ಕೊಂಡೆ. ಆಮೇಲೆ..." ನನ್ನ ಕೈಲಿದ್ದ ಪೊಟ್ಟಣವನ್ನು ಮುಟ್ಟಿ ಅಂದರು, "ಆಮೇಲೆ ನಾಚಿಕೆ. ಬರೀ ನಾಚಿಕೆ."

ಪೆಟ್ರೆಲ್ ಯಾಕೆ ಇಳಿಯಲಿಲ್ಲ, ಗೊತ್ತಾಯಿತೆ? ಯಾವ ಮೆಕ್ಯಾನಿಕ್ ಆ ಎಂಜಿನ್ ಬಿಚ್ಚಿದರೂ ಲಾಯ್ಡ್ ಹಾಕಿದ ಹೊಸ ಸೀಲು ಕಣ್ಣಿಗೆ ಬೀಳುತ್ತಿತ್ತು. ಅವರು ಮುಚ್ಚಿಟ್ಟದ್ದು ಅವರ ಮನೆಯ ತಳದಲ್ಲೇ ಇತ್ತು. ಅದರ ಮೇಲೆಯೇ ಮಲಗುತ್ತಿದ್ದರು. ಬಾಗಿಲು ತೆರೆದೇ ಇತ್ತು, ಏಣಿ ಇತ್ತು, ಸಮುದ್ರ ಕಾಣುತ್ತಿತ್ತು — ಹೋಗಲು ಆಗುತ್ತಿರಲಿಲ್ಲ.

"ನೀನು ಹೇಳಿಬಿಡು, ನಾಳೆ ರೇಡಿಯೊದಲ್ಲಿ," ಅಂದರು.

"ನೀವೇ ಹೇಳ್ಬೇಕು ಟಾಂಟಿ. ಮೈಕು ನಾನು ಹಿಡ್ಕೋತೀನಿ."

ಹಿಡಿದೆ. ಅವರು ಮಲಗಿದಲ್ಲೇ ಎಂದಿನಂತೆ ಕೇಳಿದರು, ಯಾರಿಗಾದರೂ ಕಷ್ಟ ಇದ್ದರೆ ಈಗ ಹೇಳಿ. ಸುಮ್ಮನಾದರು. ಆ ದಿನದ ಮೌನ ನಿಮಗೆ ನೆನಪಿರಬಹುದು, ಬಹಳ ಉದ್ದವಿತ್ತು. ರೇಡಿಯೊ ಕೆಟ್ಟಿತೆಂದು ಫಾಬ್ರೀಸ್ ತಟ್ಟಿ ನೋಡಿದರಂತೆ. ಟಾಂಟಿಯ ತುಟಿ ಎರಡು ಸಲ ಅಲುಗಿತು. ಆಮೇಲೆ ಹವಾಮಾನ ಓದಿದರು.

ಒಂಬತ್ತು ದಿನಕ್ಕೆ ಹೋದರು.

ಅವರನ್ನು ದೂರಲು ನನಗೆ ಬಾಯಿಲ್ಲ. ಅವರು ಹೋದಮೇಲೆ ಹನ್ನೆರಡು ಬೆಳಿಗ್ಗೆ ಆ ಮೈಕು ನನ್ನ ಕೈಯಲ್ಲೇ ಇತ್ತು. ಹನ್ನೆರಡು ಸಲ ನಾನೂ ಹವಾಮಾನ ಓದಿದೆ. ಸತ್ತವರ ಹೆಸರು ಕೆಡಿಸಬಾರದು ಅಂದುಕೊಂಡೆ. ಬದುಕಿರುವವರ ಹೆಸರು ಕೆಟ್ಟೇ ಇದೆ ಎಂಬುದನ್ನು ಮರೆತಂತೆ ನಟಿಸಿದೆ.

ನಿನ್ನೆ ಟ್ಯಾಮ್ಸಿನ್ ಅವರು ನನ್ನ ಅಂಗಡಿಗೆ ಬಂದು ಕೂತರು. ಅಕ್ಕನ ದೋಣಿಯನ್ನು ನೀರಿಗಿಳಿಸಿ, ಅಕ್ಕನ ಬೂದಿಯನ್ನು ಅದರಲ್ಲೇ ಒಯ್ದು ಕೊಲ್ಲಿಯ ಬಾಯಲ್ಲಿ ಬಿಡಬೇಕಂತೆ. ಆಮೇಲೆ ಕೇಳಿದರು, ಅದೇ ಪ್ರಶ್ನೆ — "ಇಲ್ಲಿ ನಂಬುವಂಥವರು ಯಾರಿದ್ದಾರೆ?"

ಪೊಟ್ಟಣದ ಕಥೆ ಪೂರ್ತಿ ಹೇಳಿದೆ. ಅವರು ಅತ್ತರು. ಅತ್ತು ಮುಗಿದ ಮೇಲೆ, "ಇದನ್ನ ಎಲ್ಲರ ಮುಂದೆ ಹೇಳಿ. ನಮ್ಮಕ್ಕನೂ ಕೆಳಗಿಳೀಲಿ," ಅಂದರು.

ಆದ್ದರಿಂದ ಹೇಳುತ್ತಿದ್ದೇನೆ. ನಾಳೆ ಎಂಟಕ್ಕೆ ರೇಡಿಯೊದಲ್ಲೂ ಹೇಳುತ್ತೇನೆ. ಸೀಲು ಬದಲಾಗಿತ್ತು. ಲಾಯ್ಡ್ ಬಲ್ಗೋಬಿನ್ ಹೇಳಿದ ಪ್ರತಿ ಮಾತೂ ನಿಜವಾಗಿತ್ತು. ಟ್ಯಾಮ್ಸಿನ್ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಇರುವುದು ಅದೊಂದೇ ಹೆಸರು. ಒಪ್ಪುವುದು ಬಿಡುವುದು ಅವರದು. ಆರು ವರ್ಷದ ಮೇಲೆ, ಈ ಜನರ ಕೆಲಸಕ್ಕೆ, ಯಾಕೆ ಒಪ್ಪಬೇಕು ಎಂದು ಅವರು ಕೇಳಬಹುದು.

ಗೆಳೆಯರೇ, ಈಗ ಎದ್ದು ನಿಲ್ಲೋಣ. ಟಾಂಟಿ ಪ್ರತಿ ಬೆಳಿಗ್ಗೆ ನಮಗಾಗಿ ಹಿಡಿದ ಮೌನವನ್ನು ಇವತ್ತು ನಾವು ಹಿಡಿಯೋಣ. ಎಷ್ಟು ಹೊತ್ತು ಎಂದು ನಾನು ಹೇಳುವುದಿಲ್ಲ, ಮುಗಿಯಿತೆಂದೂ ಹೇಳುವುದಿಲ್ಲ. ಮೈಕನ್ನು ಕೊನೆಯ ಸಾಲಿನ ಕುರ್ಚಿಯ ಮೇಲೆ ಇಟ್ಟು ಬರುತ್ತೇನೆ. ಲಾಯ್ಡ್ ಅವರೇ, ಮಾತಾಡಿದರೂ ಸರಿ, ಮಾತಾಡದಿದ್ದರೂ ಸರಿ. ನಾವು ಕೇಳಿಸಿಕೊಳ್ಳುತ್ತಾ ನಿಂತಿರುತ್ತೇವೆ.