ಕಾರು ಓಡಿಸಿದವಳು

ಲೆಸ್ಟರ್ ನ್ಯಾಯಾಲಯದ ಮೊಗಸಾಲೆಯಲ್ಲಿ ನನ್ನ ಪಕ್ಕ ಅಕ್ಕತಂಗಿಯರಿಬ್ಬರು ಕೂತಿದ್ದರು. ಆಸ್ಪತ್ರೆ ಬಳಿಯ ಖಾಸಗಿ ಪಾರ್ಕಿಂಗ್ ದಂಡ ಕಟ್ಟಿಲ್ಲವೆಂದು ಅಕ್ಕ ಗ್ಲೆನಿಸ್ ವಿರುದ್ಧ ತೀರ್ಪಾಗಿತ್ತು. ಅದನ್ನು ರದ್ದು ಮಾಡಿಸಲು ಬಂದಿದ್ದರು.

"ನೋಟಿಸು ಹಳೇ ಮನೆಗೆ ಹೋಗಿತ್ತು ಅನ್ನು, ಸಾಕು," ಎಂದಳು ತಂಗಿ.

"ಆವತ್ತು ನನ್ನ ಕಾರು ಓಡಿಸಿದ್ಯಾರು ಅಂತ ಕೇಳಿದ್ರೆ?"

"ನೆನಪಿಲ್ಲ ಅನ್ನು."

"ಜಡ್ಜ್ ಮುಂದೆ ಸುಳ್ಳು ಹೇಳ್ಲಾ, ಹಿಲ್ಡಾ? ಈ ತೀರ್ಪು ಸಾಲದ ದಾಖಲೇಲಿ ಸೇರಿ ನಂಗೆ ಬಾಡಿಗೆ ಮನೇನೂ ಸಿಗ್ತಿಲ್ಲ."

"ನನ್ನ ಹೆಸ್ರು ಹೇಳಿದ್ರೆ ಮುಂದಿನ ನೋಟಿಸು ನಮ್ಮನೆಗೇ ಬರುತ್ತೆ. ಆಸ್ಪತ್ರೆಗೆ ಯಾಕೆ ಹೋಗಿದ್ದೆ ಅಂತ ಕೀತ್ ಕೇಳ್ತಾನೆ."

"ಕೇಳ್ಲಿ. ಎದೇಲಿರೋ ಗಡ್ಡೆನ ಗಂಡನಿಂದ ಎಷ್ಟು ದಿನ ಮುಚ್ಚಿಡ್ತೀಯೇ?"

ಒಳಗಿನಿಂದ ಗ್ಲೆನಿಸ್ ಹೆಸರು ಕೂಗಿದರು. ಮೊದಲು ಎದ್ದವಳು ಹಿಲ್ಡಾ.

"ನಡಿಯೇ ಅಕ್ಕ. ಓಡಿಸಿದ್ದು ನಾನು ಅಂತ ಜಡ್ಜ್‌ಗೆ ನಾನೇ ಹೇಳ್ತೀನಿ."

"ಕೀತ್‌ಗೆ?"

"ಸಂಜೆ. ನೀನೂ ಬಾ, ಒಬ್ಳೇ ಇದ್ರೆ ಬಾಯಿ ಬರಲ್ಲ."

ಇಬ್ಬರೂ ಒಳಗೆ ಹೋದರು.