ಬಿಸಿಲಿಗಿಟ್ಟ ನಿಂಬೆಕಾಯಿ

ರಾಮದಾಸಪೇಠಿನ ಆಸ್ಪತ್ರೆಯೊಂದರ ವಾರ್ಡಿನ ಹೊರಗೆ ಕೂತಿದ್ದೆ. ಹಿಂದಿನ ಬೆಂಚಿನಿಂದ ನಮ್ಮ ಬಾಗಲಕೋಟೆ ಕಡೆಯ ಕನ್ನಡ ಕೇಳಿಸಿತು. ನಾಗಪುರದಲ್ಲಿ ಅಂಥದ್ದು ಕೇಳಿದರೆ ಕಿವಿ ತಾನಾಗಿ ಅತ್ತ ಹೋಗುತ್ತದೆ. ವಯಸ್ಸಾದ ಹೆಂಗಸೊಬ್ಬರು ನೆರೆಮನೆಯ ಹುಡುಗಿಯ ಚೀಲಕ್ಕೆ ನಿಂಬೆಹಣ್ಣು ತುಂಬುತ್ತಿದ್ದರು.

“ಸಾಕ್ರೀ ಕಾಕು. ಶರಬತ್ತು, ಚಿತ್ರಾನ್ನ ತಿಂದು ತಿಂದು ಮನೀ ಮಂದಿ ಹಲ್ಲೆಲ್ಲಾ ಚುಳ್ ಅಂತಾವ.”

“ಹಿತ್ತಲ ಗಿಡ ಈ ಸಲ ಮೈತುಂಬ ಬಿಟ್ಟೈತಿ ಸುಮೇಧಾ. ಇಟ್ಕೊ.”

“ಒಳಗ ಮಲಗಿರೋ ಕಾಕಾರಿಗೆ ಏನರ ಮಾಡಿದ್ರಿ?”

“ಹೋದ ವರ್ಷದ ಉಪ್ಪಿನಕಾಯಿ ತೀರೈತಿ, ಹೊಸಾದು ಹಾಕು ಅಂದ್ರು. ಮೊನ್ನೆ ಭರಣಿ ತುಂಬಿ ಬಿಸಿಲಿಗಿಟ್ಟೀನಿ.”

“ಅದು ಮಾಗಾಕ ತಿಂಗಳು ಬೇಕಲ್ರಿ.”

“ಹೌದು. ಡಾಕ್ಟರು ಇನ್ನ ಹತ್ತು ದಿನ ಅಷ್ಟ ಅಂದಾರ. ನನಗಷ್ಟ ಹೇಳ್ಯಾರ, ಅವರಿಗಿಲ್ಲ.”

ಹುಡುಗಿ ಚೀಲ ಕೆಳಗಿಟ್ಟಳು.

“ಹಂಗಾರ ಕುದಿಸಿ ಹಾಕ್ರಿ ಕಾಕು. ನಾಳೆನ ತಿಂತಾರ.”

“ನಲವತ್ತು ವರ್ಷದಾಗ ಒಮ್ಮೆನೂ ಕುದಿಸಿಲ್ಲವ್ವಾ. ಕುದಿಸಿದ್ದು ಬಾಯಿಗಿಟ್ರ, ಯಾಕ ಇಷ್ಟು ಅವಸರ ಅಂತ ಅವರಿಗೆ ತಿಳಿದುಬಿಡತೈತಿ.”

“ಸಿದ್ದಲಿಂಗಯ್ಯಾ ಕೇ ಸಾಥ್ ಕೌನ್ ಹೈ?” ರೋಗಿಯ ಜೊತೆಗೆ ಬಂದವರು ಯಾರೆಂದು ನರ್ಸ್ ಬಾಗಿಲಿನಿಂದ ಕೂಗಿದರು.

ಆ ಹೆಂಗಸು ಸೆರಗು ಸರಿಮಾಡಿಕೊಂಡು ಎದ್ದರು.

“ಕಾಕಾ ಇವತ್ತೂ ಉಪ್ಪಿನಕಾಯಿ ಕೇಳಿದ್ರ ಏನಂತೀರಿ?”

“ಇನ್ನೊಂದು ತಿಂಗಳು ತಡೀರಿ ಅಂತ ಬೈತೀನಿ,” ಎಂದು ಒಳಗೆ ಹೋದರು.