ಅಕ್ಕನ ನೀಲಿ ಚಪ್ಪಲಿ

ಬಸ್ಸಿನ ಸಾಲಿನಲ್ಲಿ ನನ್ನ ಮುಂದೆ ಸ್ನಾತಕೋತ್ತರ ಚಿತ್ರಕಲೆ ಓದುವ ಇಬ್ಬರು ಹುಡುಗಿಯರು ನಿಂತಿದ್ದರು. ಒಬ್ಬಳ ಉಗುರಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. ಕೆಂಡ ಕಾರುತ್ತಿದ್ದವಳು ಅವಳೇ.

"ಆ ಚಪ್ಪಲಿಯ ನೀಲಿ ಇಷ್ಟ ಆಯ್ತು, ಚಿತ್ರ ಬರೆದೆ, ಅಷ್ಟೆ. ಮೇಷ್ಟ್ರು ಎಲ್ಲರ ಮುಂದೆ ‘ಇದ್ರಲ್ಲಿ ನಿನ್ನ ನೋವೆಲ್ಲಿ?’ ಅಂತ ಅರ್ಧ ಗಂಟೆ ತಲೆ ತಿಂದ್ರು."

"ಎಲ್ಲರಿಗೂ ಅದನ್ನೇ ಕೇಳ್ತಾರೆ. ನೀನೇನಂದೆ?"

"ಇದು ನಮ್ಮಕ್ಕನ ಚಪ್ಪಲಿ, ಅವಳು ಸತ್ತೋದ್ಲು ಅಂದೆ."

"ಥೂ! ಹೇಳೋಕೆ ಬಾಯಾದ್ರೂ ಹೇಗೆ ಬಂತೇ?"

"ನನಗೂ ಅಸಹ್ಯ ಆಗ್ತಿದೆ. ಆದ್ರೆ ಅವ್ರು? ಒಂದು ನಿಮಿಷದ ಹಿಂದೆ ಕಸ ಅಂದೋರು ಕಣ್ಣೊರೆಸ್ಕೊಂಡು ಮಹಾಕೃತಿ ಅಂದ್ರು. ವಾರ್ಷಿಕ ಪ್ರದರ್ಶನದಲ್ಲಿ ಬಾಗಿಲೆದುರಿಗೇ ತೂಗುಹಾಕಿದ್ದಾರೆ. ಕೆಳಗೆ ‘ಅಗಲಿದ ಅಕ್ಕನಿಗೆ’ ಅಂತ ಚೀಟಿ ಬೇರೆ."

"ಅದನ್ನ ಕಿತ್ತು ಬಿಸಾಕು."

"ಗಾಜಿನೊಳಗೆ ಸೇರ್ಸಿದ್ದಾರೆ. ನಾಳೆ ಅಕ್ಕ ನೋಡೋಕೆ ಬರ್ತಿದ್ದಾಳೆ."

"ಅಯ್ಯೋ! ಏನಾದ್ರೂ ನೆಪ ಹೇಳಿ ತಪ್ಪಿಸೇ."

"ಆಗ್ಲೇ ರೈಲು ಹತ್ತಿದ್ದಾಳೆ. ಅದೇ ಚಪ್ಪಲಿ ಉಜ್ಜಿ ತೊಳೆದು ಹಾಕ್ಕೊಂಡಿದ್ದಾಳಂತೆ. ಚಿತ್ರದ ಪಕ್ಕ ನಿಂತು ಮೇಷ್ಟ್ರ ಜೊತೆ ಫೋಟೊ ತೆಗೆಸ್ಕೋಬೇಕಂತೆ."

ಬಸ್ಸು ಬಂತು. ಇಬ್ಬರೂ ಹತ್ತಿದರು. ನನ್ನ ಬಸ್ಸು ಅದಲ್ಲ.